ಮೂರನೇ ಲೇತ್ ನಿಲ್ಲದ ನಲವತ್ತನಾಲ್ಕು ದಿನ

ಇದು ಶುರುವಾದದ್ದು 1986ರ ಮಾರ್ಚ್ 4, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಬಹರೈನಿನ ಅಸ್ಕರ್‌ನಲ್ಲಿದ್ದ ನಮ್ಮ ವರ್ಕ್‌ಶಾಪಿನ ಗೇಟಿನೊಳಗೆ, ಟೈಮ್ ಕಾರ್ಡುಗಳ ಹಲಗೆಯ ಪಕ್ಕದಲ್ಲಿ ಯಾರೋ ಹೊಸ ನೋಟೀಸು ಅಂಟಿಸಿದ್ದರು. ಟೈಮ್ ಕೀಪರ್ ಆದ ನಾನು ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಿದ್ದೆ, ಹಾಗಾಗಿ ಮೊದಲು ಓದಿದವನೂ ನಾನೇ. ಆಗ ನನಗೆ ಇಪ್ಪತ್ತಮೂರು ವರ್ಷ.

ನೋಟೀಸಿನಲ್ಲಿ ಮೂರು ಸಾಲುಗಳಿದ್ದವು. ಈ ವರ್ಷ ಯಾರಿಗೂ ಇನ್‌ಕ್ರಿಮೆಂಟ್ ಇಲ್ಲ. ಓವರ್‌ಟೈಮ್ ನಿಲ್ಲಿಸಲಾಗಿದೆ. ಖಾಲಿಯಾದ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಎಣ್ಣೆಯ ಬೆಲೆ ಬಿದ್ದಿದೆ ಎಂದು ರೇಡಿಯೋದಲ್ಲಿ ಚಳಿಗಾಲದಿಂದಲೇ ಕೇಳುತ್ತಿದ್ದೆವು. ನಾವು ಸುತ್ತಲಿನ ಕಾರ್ಖಾನೆಗಳ ಪಂಪು, ಶಾಫ್ಟುಗಳನ್ನು ರಿಪೇರಿ ಮಾಡುವವರು. ಅವರು ಕೈ ಬಿಗಿ ಹಿಡಿದರೆ ನಮ್ಮ ಯಂತ್ರಗಳು ನಿಲ್ಲುತ್ತಿದ್ದವು. ನೋಟೀಸಿನ ಮೂರು ಸಾಲುಗಳನ್ನೂ ಆ ದಿನದ ಡೈರಿಯಲ್ಲಿ ಬರೆದುಕೊಂಡೆ. ಕೆಳಗೆ, ನಮ್ಮ ಕಂಪನಿಯ ಬಸ್ಸಿನಲ್ಲಿ ಅಂದು ಬಂದವರು 43 ಜನ ಎಂದು ಬರೆದೆ. ಜನವರಿಯಲ್ಲಿ 46 ಇತ್ತು.

ಸೆಗಯಾದ ಒಂದು ಕೋಣೆಯಲ್ಲಿ ನಾವು ನಾಲ್ವರಿದ್ದೆವು. ನಾನು, ಮುಲ್ಕಿಯ ಕಡೆಯ ಒಬ್ಬ ಫಿಟ್ಟರ್, ಶಿರ್ವದ ಕಡೆಯ ಕ್ರಿಶ್ಚಿಯನ್ ಮಿಲ್ಲಿಂಗ್ ಆಪರೇಟರ್, ಮತ್ತೆ ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದ ಟರ್ನರ್. ಅಣ್ಣನಿಗೆ ಆಗ ನಲವತ್ತೊಂದು. ವರ್ಕ್‌ಶಾಪಿನ ಮೂರನೇ ಲೇತ್ ಅವರದು. ಅದರಲ್ಲಿ ಅವರು ತೆಗೆದ ಬುಶ್, ಅಂದರೆ ಶಾಫ್ಟ್ ಕೂರುವ ಲೋಹದ ಬಳೆ, ಅಳತೆಗೆ ತಪ್ಪಿದ್ದು ನಾನು ಇದ್ದ ಎರಡು ವರ್ಷಗಳಲ್ಲಿ ಒಂದೇ ಒಂದು ಸಲ.

ಅಣ್ಣ ಊರಿಗೆ ಹೋಗದೆ ಮೂರು ವರ್ಷ ದಾಟಿತ್ತು. ಅವರು ಇಲ್ಲಿಗೆ ಬಂದ ಮೇಲೆ ಹುಟ್ಟಿದ ಮಗನನ್ನು ಅವರು ನೋಡಿರಲಿಲ್ಲ. ಅರವತ್ತು ದಿನದ ರಜೆ ಮಂಜೂರಾಗಿ ಟಿಕೆಟ್ಟೂ ಬಂದಿತ್ತು. ಅಷ್ಟರಲ್ಲಿ ಈ ನೋಟೀಸು. ಜೂನ್ ಒಳಗೆ ತೆಗೆದುಕೊಳ್ಳದ ರಜೆ ರದ್ದು ಎಂದು ಆಫೀಸಿನಿಂದ ಇನ್ನೊಂದು ಕಾಗದವೂ ಬಂತು. ಹೋದರೆ ಜಾಗ ಉಳಿಯುತ್ತದೋ ಇಲ್ಲವೋ, ಹೋಗದಿದ್ದರೆ ರಜೆ ಇಲ್ಲ.

ಮಾರ್ಚ್ 20, ಗುರುವಾರ ಸಂಜೆ. ಮಿಲ್ಲಿಂಗಿನವ ಶೇರಿ ಮೀನು ಕೊಯ್ಯುತ್ತಿದ್ದ, ಅಣ್ಣ ಅನ್ನಕ್ಕೆ ನೀರಿಟ್ಟಿದ್ದರು.

"ನಾನು ಹೋಗುದಿಲ್ಲ. ಬರುವ ವರ್ಷ ನೋಡುವ," ಎಂದರು ಅಣ್ಣ.

"ಬರುವ ವರ್ಷ ನಿಮ್ಮ ಮಗ ನಿಮ್ಮನ್ನು ಕಂಡು, ಅಮ್ಮಾ, ಯಾರೋ ಅಂಕಲ್ ಬಂದಿದ್ದಾರೆ, ಹೇಳ್ತಾನೆ," ಎಂದ ಫಿಟ್ಟರ್. "ಹೋಗಿ ಮಾರಾಯ್ರೆ. ಮೂರು ವರ್ಷ ಆಯ್ತು. ಆ ಲೇತಿಗೇ ಮದುವೆ ಆದದ್ದಾ ನೀವು?"

"ಹೋದ್ರೆ ಜಾಗ ಹೋಗ್ತದೆ. ಆಮೇಲೆ ನಿನ್ನ ಅಪ್ಪ ಕೊಡ್ತಾರಾ ಕೆಲಸ?"

"ನನ್ನ ಅಪ್ಪನಿಗೇ ಕೆಲಸ ಇಲ್ಲ."

ಮೀನು ಕೊಯ್ಯುತ್ತಿದ್ದವನಿಗೂ ನಗು ಬಂತು. ಅಣ್ಣ ಮಾತ್ರ ನಗಲಿಲ್ಲ. ಅಕ್ಕಿ ತೊಳೆದು ನೀರಿಗೆ ಹಾಕುತ್ತ ಹೇಳಿದರು: "ಬೊಂಬಾಯಿಯಲ್ಲಾದ್ರೆ ಬದಲಿ ಇಟ್ಟು ಹೋಗಬಹುದಿತ್ತು."

ಅಣ್ಣ ಹನ್ನೆರಡನೇ ವಯಸ್ಸಿಗೆ ಬೊಂಬಾಯಿಯ ನಮ್ಮವರ ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿದವರು. ಆ ಹೋಟೆಲುಗಳಲ್ಲಿ ಊರಿಗೆ ಹೋಗುವವನು ತನ್ನ ಜಾಗಕ್ಕೆ ಬದಲಿಯನ್ನು ತಾನೇ ನಿಲ್ಲಿಸಿ ಹೋಗಬೇಕು. ತಮ್ಮನನ್ನೋ, ನೆರೆಮನೆಯವನನ್ನೋ, ಯಾರನ್ನಾದರೂ. ಕೆಲಸ ಒಂದು ದಿನವೂ ನಿಲ್ಲದಿದ್ದರೆ ಧಣಿ ಹೊಸಬನನ್ನು ಹುಡುಕುವುದಿಲ್ಲ. ಹೋದವನು ಬಂದಾಗ ಬದಲಿ ಎದ್ದು ಹೋಗುತ್ತಾನೆ, ಜಾಗ ಹಾಗೇ ಇರುತ್ತದೆ. ನಮ್ಮ ಊರಿನ ಕಡೆಯ ಎಷ್ಟೋ ಮನೆಗಳು ಹೀಗೆ ಕಾಯ್ದುಕೊಂಡ ಜಾಗಗಳಿಂದ ಉಂಡಿವೆ. ನನ್ನ ಮಾವನೂ ಎರಡು ಸಲ ಬದಲಿ ಕುಳಿತವರು.

"ಇಲ್ಲಿ ಯಾರನ್ನು ತರ್ಲಿಕ್ಕೆ ಆಗ್ತದೆ? ವೀಸಾವೇ ಬಂದ್," ಎಂದ ಮಿಲ್ಲಿಂಗಿನವ. ಆಮೇಲೆ ಕತ್ತಿಯನ್ನು ಕೆಳಗಿಟ್ಟು ಹೇಳಿದ: "ನಾವಿಲ್ವಾ ಅಣ್ಣ? ನನಗೂ ಲೇತ್ ಗೊತ್ತುಂಟು, ಇವನಿಗೂ ಗೊತ್ತುಂಟು. ನಾವೇ ಬದಲಿ."

ಫಿಟ್ಟರ್ ನನ್ನ ಕಡೆ ತಿರುಗಿದ. "ಇವ ರಿಜಿಸ್ಟರಿನಲ್ಲಿ ಎಂತ ಬರೀತಾನೆ?"

"ಯಂತ್ರದ ನಂಬರು, ಮುಗಿದ ಕೆಲಸ, ಬಾಕಿ ಕೆಲಸ. ಯಂತ್ರದಲ್ಲಿ ಯಾರಿದ್ದರು ಅಂತ ಆ ಪುಟದಲ್ಲಿ ಕಾಲಮ್ಮೇ ಇಲ್ಲ," ಎಂದೆ.

"ಹಾಗಾದ್ರೆ ಮೂರನೇ ಲೇತಿನ ಪುಟ ಖಾಲಿ ಕಾಣುದಿಲ್ಲ."

"ಒಂದು ದಿನವೂ ಕಾಣುವುದಿಲ್ಲ," ಎಂದು ನಾನು ಮಾತು ಕೊಟ್ಟೆ.

ಅಣ್ಣ ಏಪ್ರಿಲ್ 11ರ ಶುಕ್ರವಾರ ಹೋದರು. ಜೂನ್ 11ಕ್ಕೆ ಡ್ಯೂಟಿಗೆ ಹಾಜರಾಗಬೇಕಿತ್ತು. ಏರ್‌ಪೋರ್ಟಿನಲ್ಲಿ ಫಿಟ್ಟರಿಗೆ ಅವರು ಹೇಳಿದ್ದು ಇಷ್ಟೇ: "ಉದ್ದದ ಶಾಫ್ಟ್ ಬಂದ್ರೆ ಅವಸರ ಮಾಡ್ಬೇಡ."

ಮರುದಿನದಿಂದ ನಮ್ಮ ಬದಲಿ ಶುರು. ಫಿಟ್ಟರ್ ಮತ್ತು ಮಿಲ್ಲಿಂಗಿನವ ತಮ್ಮ ಕೆಲಸವನ್ನು ಬೇಗ ಮುಗಿಸಿ, ಊಟದ ಅರ್ಧ ಗಂಟೆಯಲ್ಲಿ ಒಬ್ಬರು, ಶಿಫ್ಟ್ ಮುಗಿದ ಮೇಲೆ ಇನ್ನೊಬ್ಬರು ಮೂರನೇ ಲೇತಿಗೆ ನಿಲ್ಲುತ್ತಿದ್ದರು. ಕಂಪನಿಯ ಬಸ್ಸು ತಪ್ಪಿದ ದಿನ ಲಾರಿಯಲ್ಲಿ ಬರುತ್ತಿದ್ದೆವು. ನನಗೆ ಲೇತ್ ಬಾರದು. ಕಬ್ಬಿಣದ ಸಿಪ್ಪೆ ಗುಡಿಸುವುದು, ಎಣ್ಣೆ ಹಾಕುವುದು, ಮುಗಿದ ತುಂಡುಗಳನ್ನು ಸ್ಟೋರಿಗೆ ಸಾಗಿಸುವುದು ನನ್ನ ಪಾಲು. ಯಾರು ಎಷ್ಟು ಗಂಟೆ ನಿಂತರು ಎಂಬುದನ್ನು ಡೈರಿಯಲ್ಲಿ ಬೇರೆ ಬರೆದಿಟ್ಟೆ: ಫಿಟ್ಟರ್ 97, ಮಿಲ್ಲಿಂಗಿನವ 82, ನಾನು 31. ಈ ಲೆಕ್ಕ ಕಂಪನಿಯ ರಿಜಿಸ್ಟರಿನಲ್ಲಿ ಇರಲಿಲ್ಲ. ಓವರ್‌ಟೈಮ್ ಇಲ್ಲವೆಂದ ಮೇಲೆ ಅದನ್ನು ಬರೆಯಲು ಅಲ್ಲಿ ಜಾಗವೂ ಇರಲಿಲ್ಲ.

ಮೇ ಎರಡನೇ ವಾರದಲ್ಲಿ ರಂಜಾನ್ ಉಪವಾಸದ ತಿಂಗಳು ಬಂತು. ಉಪವಾಸವಿದ್ದವರು ಬೇಗ ಮನೆಗೆ ಹೋಗುತ್ತಿದ್ದರು, ಮಧ್ಯಾಹ್ನದ ಮೇಲೆ ವರ್ಕ್‌ಶಾಪಿನಲ್ಲಿ ನಾವು ಕೆಲವರೇ ಉಳಿಯುತ್ತಿದ್ದೆವು. ತಗಡಿನ ಮಾಡು ಕಾದು, ಲೇತಿನ ಹಿಡಿಯನ್ನು ಬಟ್ಟೆ ಸುತ್ತಿಯೇ ಹಿಡಿಯಬೇಕಾಗುತ್ತಿತ್ತು. ಹಗಲಲ್ಲಿ ಜನರ ಎದುರಿಗೆ ನೀರು ಕುಡಿಯುವಂತಿಲ್ಲ. ಸ್ಟೋರಿನ ಹಿಂದೆ ಹೋಗಿ ಕುಡಿದು ಬರುತ್ತಿದ್ದೆವು. ಮೇ 19ರಂದು ಮೂರನೇ ಲೇತಿನಲ್ಲಿ ಮಿಲ್ಲಿಂಗಿನವನ ತೋರುಬೆರಳು ಕೊಯ್ದು ಮೂರು ಹೊಲಿಗೆ ಬಿತ್ತು. ಮನೆಯಲ್ಲಿ ಮೀನು ಕೊಯ್ಯುವಾಗ ಆದದ್ದು ಎಂದು ಕ್ಲಿನಿಕ್ಕಿನಲ್ಲಿ ಹೇಳಿದ. "ಶಿರ್ವದವ ಮೀನು ಕೊಯ್ಲಿಕ್ಕೆ ಹೋಗಿ ಬೆರಳು ಕೊಯ್ದುಕೊಂಡ ಅಂದ್ರೆ ಊರಿನಲ್ಲಿ ನನಗೆ ಹೆಣ್ಣು ಕೊಡುದಿಲ್ಲ ಮಾರಾಯ," ಎಂದು ಬಸ್ಸಿನಲ್ಲಿ ನಕ್ಕ. ಆ ಗಾಯವನ್ನೂ ನಾನು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಮೇ 26ರಂದು ಫಿಟ್ಟರ್ ಒಂದು ಬುಶ್ ಕೆಡಿಸಿದ. ಶುಕ್ರವಾರ ರಜೆಯ ದಿನ ಬಂದು ಹೊಸದನ್ನು ಮಾಡಿಟ್ಟ.

ಜೂನ್ 1ರವರೆಗೆ ಕೆಲಸದ ದಿನಗಳು 44. ಮೂರನೇ ಲೇತಿನಲ್ಲಿ ಮುಗಿದ ಕೆಲಸ 131. ಬಾಕಿ ಸೊನ್ನೆ. ಆ ಸೊನ್ನೆ ಬರೆಯುವಾಗ ನನಗೆ ಹೆಮ್ಮೆಯೇ ಆಗಿತ್ತು.

ಜೂನ್ 2, ಸೋಮವಾರ, ಹತ್ತೂವರೆಗೆ ಮುದೀರ್ ನನ್ನನ್ನು ಕರೆದರು. ಮುದೀರ್ ಎಂದರೆ ಮ್ಯಾನೇಜರ್, ವಯಸ್ಸಾದ ಇಂಗ್ಲಿಷಿನವರು. ಕೂಗಾಡುವ ಮನುಷ್ಯನಲ್ಲ. ಮೇಜಿನ ಮೇಲೆ ನನ್ನ ರಿಜಿಸ್ಟರ್ ತೆರೆದಿತ್ತು.

"ಮೂರನೇ ಲೇತಿನವನು ಏಪ್ರಿಲಿನಿಂದ ರಜೆಯಲ್ಲಿದ್ದಾನೆ ಅಲ್ಲವೇ?"

"ಹೌದು ಸರ್. ಹನ್ನೊಂದಕ್ಕೆ ಬರುತ್ತಾರೆ."

"ಮತ್ತೆ ಈ ಕೆಲಸಗಳನ್ನೆಲ್ಲ ಮಾಡಿದ್ದು ಯಾರು?"

ಸುಳ್ಳು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇದನ್ನು ಕೇಳಿದರೆ ಅವರಿಗೆ ಸಂತೋಷವಾಗುತ್ತದೆ, ಅಣ್ಣನ ಜಾಗ ಗಟ್ಟಿಯಾಗುತ್ತದೆ ಎಂದೇ ಎಣಿಸಿದ್ದೆ. "ಅವರ ಜೊತೆಯವರು ಮಾಡಿದ್ದಾರೆ ಸರ್. ಒಂದು ದಿನವೂ ನಿಲ್ಲಿಸಿಲ್ಲ."

"ಓವರ್‌ಟೈಮ್ ಇಲ್ಲದೆ?"

"ಇಲ್ಲದೆ."

ಅವರು ಕನ್ನಡಕ ತೆಗೆದು ಒರೆಸಿದರು. ಪ್ರತಿ ವಿಭಾಗದಿಂದ ಒಂದು ಜಾಗ ಕಡಿಮೆ ಮಾಡಿ ಹದಿನೈದರೊಳಗೆ ತಿಳಿಸಬೇಕೆಂದು ಮೇಲಿನವರು ಬರೆದಿದ್ದಾರೆ, ಯಾರ ಹೆಸರು ಕೊಡಲಿ ಎಂದು ಮೂರು ವಾರದಿಂದ ತಾನು ಯೋಚಿಸುತ್ತಿದ್ದೆ ಎಂದರು. ಇಲ್ಲಿರುವ ಯಾರ ಮುಖ ನೋಡಿ ಹೇಳುವುದೂ ಕಷ್ಟವಾಗಿತ್ತು, ಮೂರನೇ ಲೇತಿಗೆ ಬೇರೆ ಜನವೇ ಬೇಡವೆಂದಾದ ಮೇಲೆ ಆ ಕಷ್ಟ ತಪ್ಪಿತು ಎಂದರು.

ನಾನು ಊಟದ ಹೊತ್ತಿನ ವಿಷಯ, ಶುಕ್ರವಾರದ ವಿಷಯ, ಬೆರಳಿನ ವಿಷಯ ಎಲ್ಲ ಹೇಳಿದೆ. ಇದು ಹೀಗೇ ನಡೆಯಲಾರದು ಸರ್ ಎಂದೆ.

"ಎರಡು ತಿಂಗಳು ನಡೆದಿದೆಯಲ್ಲ," ಎಂದರು. ರಿಜಿಸ್ಟರನ್ನು ಮುಚ್ಚಿ ನನ್ನ ಕಡೆ ಸರಿಸಿ, ಬಹಳ ಅಚ್ಚುಕಟ್ಟಾಗಿ ಬರೆದಿದ್ದೀಯ ಎಂದೂ ಹೇಳಿದರು.

ಕೋಣೆಯಲ್ಲಿ ವಿಷಯ ಹೇಳಿದಾಗ ಫಿಟ್ಟರ್ ಎದ್ದು ಬಾಗಿಲು ಹಾಕಿದ. ಆಮೇಲೆ ನನ್ನ ಅಂಗಿ ಹಿಡಿದ.

"ಹತ್ತು ಕೆಲಸ ಬಾಕಿ ಅಂತ ಬರೀಲಿಕ್ಕೆ ನಿನ್ನ ಕೈ ಕಡಿದು ಬೀಳ್ತಿತ್ತಾ?"

"ಬಾಕಿ ಇರಲಿಲ್ಲವಲ್ಲ."

"ಬಾಕಿ ಇರ್ಲಿಲ್ಲವಂತೆ! ದೊಡ್ಡ ಸತ್ಯವಂತ!"

"ಬಿಡು ಅವನನ್ನು. ಮಾಡಿದ್ದು ನೀನು, ನಾನು. ಅವ ಬರೆದದ್ದು ಮಾತ್ರ," ಎಂದ ಮಿಲ್ಲಿಂಗಿನವ. ಅವನ ಬೆರಳಿಗೆ ಇನ್ನೂ ಪಟ್ಟಿ ಇತ್ತು. "ಬೊಂಬಾಯಿಯ ಧಣಿಗೆ ಟೇಬಲ್ ಒರೆಸ್ಲಿಕ್ಕೆ ಜನ ಬೇಕಿತ್ತು. ಇವರಿಗೆ ಬೇಕಾದದ್ದು ಒಂದು ಜನ ಕಡಿಮೆ. ನಮಗೆ ಅಷ್ಟು ತಲೆಗೆ ಹೋಗ್ಲಿಲ್ಲ."

ಅಂದು ಸಂಜೆಯೇ ಮನಾಮದ ಅಂಚೆ ಕಚೇರಿಗೆ ಹೋಗಿ ಅಣ್ಣನಿಗೆ ಟೆಲಿಗ್ರಾಂ ಕೊಟ್ಟೆವು: ಜಾಗಕ್ಕೆ ಅಪಾಯ, ಕೂಡಲೇ ಹೊರಡಿ. ಎದುರಿಗೆ ಬಂದು ನಿಂತರೆ ಮುದೀರ್ ಮನಸ್ಸು ಬದಲಾಯಿಸಬಹುದು ಎಂಬುದೊಂದೇ ನಮಗೆ ಉಳಿದ ಆಸೆ. ಮರುದಿನದಿಂದ ಮೂರನೇ ಲೇತನ್ನು ಯಾರೂ ಮುಟ್ಟಲಿಲ್ಲ. ಈದ್ ರಜೆಗೆ ವರ್ಕ್‌ಶಾಪ್ ಮುಚ್ಚುವ ಹೊತ್ತಿಗೆ ಬಾಕಿ ಕೆಲಸ 14 ಆಯಿತು. ದೊಡ್ಡ ಅಂಕಿಯಲ್ಲಿ ಬರೆದೆ. ಮುದೀರ್ ಪುಟ ನೋಡಿದರು. ಆ ಹದಿನಾಲ್ಕನ್ನು ಒಂದು ಮತ್ತು ಎರಡನೇ ಲೇತಿಗೆ ಹಂಚಿದರು. ಜೂನ್ 4ರಂದೇ ಕಂಪನಿಯ ಟೆಲಿಗ್ರಾಂ ಅಣ್ಣನಿಗೆ ಹೋಗಿದೆ, ರಿಟರ್ನ್ ಟಿಕೆಟ್ ರದ್ದಾಗಿದೆ ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಜೂನ್ 10, ಮಂಗಳವಾರ, ಅಣ್ಣನ ಟಿಕೆಟ್ಟಿನ ದಿನ, ನಾವು ಮೂವರೂ ಏರ್‌ಪೋರ್ಟಿಗೆ ಹೋದೆವು. ಬೊಂಬಾಯಿಯ ವಿಮಾನ ಬೆಳಿಗ್ಗೆ 9.20ಕ್ಕೆ ಇಳಿಯಿತು. ಹೊರಗೆ ಬಂದವರನ್ನು ಒಬ್ಬೊಬ್ಬರಾಗಿ ಎಣಿಸಿದೆ, 112 ಜನ. ಅಣ್ಣ ಇರಲಿಲ್ಲ. ಕೊನೆಗೆ ಬಂದವರಲ್ಲಿ ಸೆಗಯಾದಲ್ಲಿ ಟೈಲರ್ ಅಂಗಡಿಯಲ್ಲಿದ್ದ ಪರಿಚಯದವರೊಬ್ಬರಿದ್ದರು.

"ನಿಮ್ಮ ಅಣ್ಣನಾ? ಅಲ್ಲಿ ಕಂಡೆನಲ್ಲ," ಎಂದರು. "ಕೌಂಟರಿನಲ್ಲಿ ಟಿಕೆಟ್ ಕ್ಯಾನ್ಸಲ್ ಹೇಳಿದ್ರು. ಅವರು ಎರಡು ಸಲ ಹೋಗಿ ಕೇಳಿದ್ರು. ಆಮೇಲೆ ಬದಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ರು. ನಾನು ಮಾತಾಡಿಸಿದೆ. ನಿಮಗೆ ತಡ ಆಗ್ತದೆ, ಹೋಗಿ, ಅಂದ್ರು."

ಅಣ್ಣನ ಮನೆಗೆ ಅದೇ ದಿನ ಕಾಗದ ಬರೆದೆ; ಬರಲಿಲ್ಲ ಎಂದು ಬರೆಯಲಾಗದೆ, ಊರಿನಿಂದ ಯಾವಾಗ ಹೊರಟರು ಎಂದಷ್ಟೇ ಕೇಳಿದೆ. ಅವರ ಹೆಂಡತಿಯ ತಮ್ಮನಿಂದ ಉತ್ತರ ಬಂದದ್ದು ಜುಲೈ 3ಕ್ಕೆ. ನಮ್ಮ ಟೆಲಿಗ್ರಾಂ ಜೂನ್ 5ಕ್ಕೆ ತಲುಪಿತ್ತು. ಅಣ್ಣ 7ನೇ ತಾರೀಕು ಬೆಳಿಗ್ಗೆ ಬೊಂಬಾಯಿ ಬಸ್ಸು ಹತ್ತಿದರು. ಕಂಪನಿಯ ಟೆಲಿಗ್ರಾಂ ಅದೇ ಸಂಜೆ ಬಂತು. "ಭಾವ ಅಲ್ಲಿಗೆ ಮುಟ್ಟಿದ ಕಾಗದ ಇನ್ನೂ ಬಂದಿಲ್ಲ. ಅಕ್ಕ ದಿನವೂ ಪೋಸ್ಟಿನವನನ್ನು ಕೇಳುತ್ತಾರೆ. ಅವರು ನಿಮ್ಮ ಜೊತೆಯಲ್ಲೇ ಇದ್ದಾರಲ್ಲವೇ?"

ಇಲ್ಲ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು.

ಆ ನವೆಂಬರಿನಲ್ಲಿ ಅವರ ಮನೆಗೆ ಒಂದು ಮನಿಯಾರ್ಡರ್ ಬಂತಂತೆ. ಬೊಂಬಾಯಿ ಪಕ್ಕದ ಭಿವಂಡಿಯ ಅಂಚೆ ಮೊಹರು, ಕಳುಹಿಸಿದವರ ವಿಳಾಸ ಓದಲಾಗದಂತೆ ಬರೆದದ್ದು, ಕೆಳಗೆ ಒಂದಕ್ಷರ ಸಮಾಚಾರವಿಲ್ಲ. ಹೆಂಡತಿಯ ತಮ್ಮ ಅಲ್ಲಿಗೆ ಹೋಗಿ ನಾಲ್ಕು ದಿನ ಹುಡುಕಿ ಬರಿಗೈಯಲ್ಲಿ ಬಂದ. ಆಮೇಲೆ ಏನೂ ಬರಲಿಲ್ಲ.

ಈಗ 1988ರ ಜನವರಿ. ಇನ್‌ಕ್ರಿಮೆಂಟ್ ಇಲ್ಲದ ಎರಡನೇ ವರ್ಷ ಮುಗಿಯುತ್ತ ಬಂತು. ಮಿಲ್ಲಿಂಗಿನವನ ಜಾಗವೂ ಕಳೆದ ಅಕ್ಟೋಬರಿನಲ್ಲಿ ಹೋಯಿತು. ಅವನು ಊರಿಗೆ ಹೋಗುವ ಮುಂಚೆ ನಾವು ಯಾರೂ ಬದಲಿಯ ಮಾತೆತ್ತಲಿಲ್ಲ. ಫಿಟ್ಟರ್ ಮತ್ತು ನಾನು ಒಂದೇ ಕೋಣೆಯಲ್ಲಿದ್ದೇವೆ, ಮಾತು ಕಡಿಮೆ. ಈ ವಾರ ಬಸ್ಸಿನಲ್ಲಿ ಬಂದವರು 29 ಜನ. ಎಣಿಸುವುದನ್ನು ಬಿಡಬೇಕೆಂದುಕೊಂಡರೂ ಅಭ್ಯಾಸ ಬಿಡುತ್ತಿಲ್ಲ.

ಅಣ್ಣನದು ಕುಳ್ಳ ದೇಹ, ನಡುವೆ ಬೈತಲೆ ತೆಗೆದ ಕೂದಲು, ಎಡಗೈಯ ಹೆಬ್ಬೆರಳಿಗೆ ಉಗುರಿಲ್ಲ. ತುಳು ಮಾತಾಡುವಾಗ ನಡುನಡುವೆ ಬೊಂಬಾಯಿ ಹಿಂದಿ ಬರುತ್ತದೆ. ಕಂದು ಬಣ್ಣದ ಪೆಟ್ಟಿಗೆ, ಅದಕ್ಕೆ ಸುತ್ತ ನೀಲಿ ಹಗ್ಗ. 1986ರ ಜೂನ್ 10ರಂದು ಬೊಂಬಾಯಿಯಿಂದ ಬಹರೈನಿಗೆ ಬಂದ ಆ ವಿಮಾನದಲ್ಲಿದ್ದವರು, ಅಥವಾ ಅಂದು ಯಾರನ್ನಾದರೂ ಕಳುಹಿಸಲು ಬೊಂಬಾಯಿ ಏರ್‌ಪೋರ್ಟಿಗೆ ಹೋದವರು ಇದನ್ನು ಓದುತ್ತಿರಬಹುದು. ಭಿವಂಡಿಯ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯವರೂ ಇರಬಹುದು. ಅವರು ಏರ್‌ಪೋರ್ಟಿನಿಂದ ಎದ್ದು ಯಾವ ಕಡೆಗೆ ಹೋದರು, ಯಾರ ಜೊತೆ ಹೋದರು, ಆಮೇಲೆ ಎಲ್ಲಿಯಾದರೂ ಕಂಡರೇ ಎಂಬುದು ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಕಂಡ ತಾರೀಕು ನೆನಪಿಲ್ಲದಿದ್ದರೆ ತಿಂಗಳು ಬರೆದರೂ ಸಾಕು.