ಸಾಕಮ್ಮನ ಸ್ಟ್ರೈಕ್

ಕೋವಿಡ್ ಮುಗಿದ ಮರುವರ್ಷ. ಹುಣಸೂರಿನಲ್ಲಿ ಕಾರ್ಮಿಕರ ಪ್ರಕರಣಗಳನ್ನು ನಡೆಸುವ ವಕೀಲನಾಗಿದ್ದೆ. ಈಗಲೂ ಅದೇ ಕೆಲಸ. ಆ ವರ್ಷದ ಒಂದು ವಿಚಾರಣೆಯ ಬಗ್ಗೆ ಬರೆಯುವಾಗ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ಅಂದು ಜಡಿಮಳೆಯಿತ್ತು ಎನ್ನುತ್ತೇನೆ ನಾನು. ಜೊತೆಗಿದ್ದ ಜೂನಿಯರ್ ವಕೀಲೆ ಸುಡುಬಿಸಿಲು ಎನ್ನುತ್ತಾಳೆ. ಆಡಿದ ಮಾತುಗಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭೇದವಿಲ್ಲ.

ಕಕ್ಷಿದಾರಳು ಅಂತರಸಂತೆಯ ಸಾಕಮ್ಮ. ಎಚ್.ಡಿ. ಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಗುಡಿಸಿ ಒರೆಸುವ ಕೆಲಸ. ಗಂಡನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅದೇ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ನೌಕರರ ಮನೆಯವರಿಗೆ ಅದು ಉಚಿತ. ಆಕೆಯ ಕೆಲಸ ಹೋದರೆ ಅವನ ಡಯಾಲಿಸಿಸ್ ಕೂಡ ಹೋಗುತ್ತಿತ್ತು.

ಆಗಿದ್ದು ಇಷ್ಟು. ಕಸದ ಚೀಲದಲ್ಲಿದ್ದ ಬಳಸಿದ ಸೂಜಿ ಒಬ್ಬ ಕೆಲಸದಾಕೆಯ ಅಂಗೈಗೆ ಚುಚ್ಚಿತು. ದಪ್ಪ ಗ್ಲೌಸ್ ಕೊಡಿ ಎಂದು ಕೇಳಿ ಕೇಳಿ ಸೋತ ಹೆಂಗಸರು ಗೇಟಿನ ಮುಂದೆ ಕೂತರು. ‘ಗ್ಲೌಸ್ ಕೊಡುವ ತನಕ ಸ್ಟ್ರೈಕ್’ ಎಂದು ಬ್ಯಾನರ್ ಕಟ್ಟಿದರು. ಗ್ಲೌಸ್ ಬಂತು. ಅದರ ಹಿಂದೆಯೇ, ಮುಂದಾಳು ಎಂದು ಸಾಕಮ್ಮನೊಬ್ಬಳಿಗೇ ನೋಟಿಸು ಬಂತು: ಮುನ್ಸೂಚನೆಯಿಲ್ಲದೆ ಸ್ಟ್ರೈಕ್ ಮಾಡಿದ್ದೀರಿ, ವಜಾ ಯಾಕೆ ಮಾಡಬಾರದು?

ಕಾನೂನಿನಲ್ಲಿ ಸ್ಟ್ರೈಕ್ ಎಂದರೆ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸುವುದು. ನಮ್ಮ ಕಡೆ ಹಾಗಲ್ಲ. ಬಸ್ಸಿಗೆ ಅಡ್ಡ ನಿಂತರೂ ಸ್ಟ್ರೈಕು, ತಾಲ್ಲೂಕು ಕಚೇರಿ ಮುಂದೆ ಕೂಗಿದರೂ ಸ್ಟ್ರೈಕು. ಪ್ರತಿಭಟನೆ ಎನ್ನುವ ಪದ ಪೇಪರಿನವರದು.

ವಿಚಾರಣೆಯ ಹಿಂದಿನ ದಿನ ನನ್ನ ಆಫೀಸಿನಲ್ಲಿ ಕೇಳಿದೆ: “ಸ್ಟ್ರೈಕ್ ಅಂತ ಯಾಕಮ್ಮ ಬರೆಸಿದಿರಿ?”

“ಇನ್ನೇನಂತ ಬರುಸ್ಬೇಕಿತ್ತು ಸಾ? ಸಾಮಿಯಾನ ಆಕ್ಕಂಡು ಕೂತಿದ್ವಿ. ಮದ್ವೆ ಅಂತ ಬರ್ಸಕಾಯ್ತದಾ?”

“ವಾರ್ಡು ಗಲೀಜಾಗಿ ಬಿದ್ದಿತ್ತು ಅಂತ ನೋಟಿಸಿನಲ್ಲಿದೆ.”

“ಯಾವನಂದೋನು? ಅವನ್ ಬಾಯಿಗೆ ಉಳ ಬೀಳ! ಕಾಯ್ಲೆಯೋರು ಮಲಗಿರೋ ಜಾಗ ಕಣ್ರೀ. ಬುಟ್ಬುಟ್ಟು ಬರಕಾಯ್ತದಾ? ಮುಯ್ಯಾಳು ಮಾಡ್ಕಂಡಿದ್ವಿ.”

ಮುಯ್ಯಾಳು ಎಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯಿಲ್ಲ, ಲೆಕ್ಕವಿಲ್ಲ. ರಾಗಿ ಕೊಯ್ಲಿನ ಆ ಪದ್ಧತಿಯನ್ನು ಈ ಹೆಂಗಸರು ವಾರ್ಡಿಗೆ ತಂದಿದ್ದರು. ಪಾಳಿ ಇದ್ದವಳು ಗೇಟಿನಲ್ಲಿ ಕೂತಾಗ ಪಾಳಿ ಇಲ್ಲದವಳು ಹಿಂಬಾಗಿಲಿನಿಂದ ಹೋಗಿ ಅವಳ ವಾರ್ಡ್ ಒರೆಸಿ ಬರುತ್ತಿದ್ದಳು. ಅಂದರೆ ಕೆಲಸ ನಿಂತೇ ಇಲ್ಲ. ಕೆಲಸ ನಿಲ್ಲದ ಮೇಲೆ ಸ್ಟ್ರೈಕ್ ಎಲ್ಲಿಂದ ಬಂತು? ಪ್ರಕರಣ ಗೆದ್ದೆ ಎಂದುಕೊಂಡೆ.

ವಿಚಾರಣೆ ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಮೇಲ್ಮಹಡಿಯ ಕೋಣೆಯಲ್ಲಿ, ಆಡಳಿತವೇ ನೇಮಿಸಿದ ವಿಚಾರಣಾಧಿಕಾರಿಯ ಮುಂದೆ ನಡೆಯಿತು. ಕೆಳಗೆ ಆಕೆಯ ಗಂಡ ಯಂತ್ರಕ್ಕೆ ಕೈಯೊಡ್ಡಿ ಮಲಗಿದ್ದ. ಸಾಕ್ಷಿಗೆ ಬಂದ ನರ್ಸನ್ನು ಕೇಳಿದೆ: “ಆ ದಿನಗಳಲ್ಲಿ ಸಾಕಮ್ಮನ ವಾರ್ಡ್ ಒರೆಸಿತ್ತೋ ಇಲ್ಲವೋ?”

ಆಕೆ ನೆಲ ನೋಡುತ್ತಾ ಹೇಳಿದಳು: “ಒರೆಸಿತ್ತು.”

ಆಡಳಿತದ ಪರ ಬಂದಿದ್ದ ವಕೀಲರು ಸಿಡುಕಲಿಲ್ಲ, ನಕ್ಕರು. ಸಾಕಮ್ಮನ ಕಡೆ ತಿರುಗಿ, “ಒಳ್ಳೇದಾಯ್ತಲ್ಲಮ್ಮ. ಒರೆಸಿದವರ ಹೆಸರು ಹೇಳಿಬಿಡಿ. ಅವರು ಬಂದು ಹೌದು ಅಂದರೆ ನೋಟಿಸು ವಾಪಸ್” ಎಂದರು. ಆಮೇಲೆ ನನ್ನ ಮುಂದೆ ಆಸ್ಪತ್ರೆಯ ನಿಯಮಾವಳಿ ಸರಿಸಿದರು. ಪಾಳಿಯಿಲ್ಲದವರು ವಾರ್ಡಿಗೆ ಹೋಗುವುದು ರೋಗಿಗಳ ಸುರಕ್ಷತೆಗೆ ವಿರುದ್ಧ. ಹೋದವರನ್ನು ವಿಚಾರಣೆಯಿಲ್ಲದೆ ತೆಗೆಯಬಹುದು.

ಹತ್ತು ನಿಮಿಷ ಸಮಯ ಕೇಳಿ ಸಾಕಮ್ಮನನ್ನು ಹೊರಗೆ ಕರೆತಂದು ನಿಯಮವನ್ನು ಓದಿ ಹೇಳಿದೆ.

“ಯೋಳುದ್ರೆ ಒರ್ಸಿದೋಳ್ನ ತಗೀತಾರಾ?”

“ತೆಗೆಯಬಹುದು.”

“ಯೋಳ್ದಿದ್ರೆ ನನ್ನ?”

“ಹೌದು. ನಿಮ್ಮ ಯಜಮಾನರ ಡಯಾಲಿಸಿಸ್ ಯೋಚನೆ ಮಾಡಿ.”

ಆಕೆ ಗೋಡೆಗೆ ಒರಗಿದಳು. “ಅದ ಬುಟ್ಟು ಇನ್ನೇನ್ ಸಾ ಯೋಚ್ನೆ ಮಾಡ್ತಿವ್ನಿ? ಬೇರೆ ದಾರಿ ಐತಾ ನೋಡಿ. ಓದಿದ್ದೀರಿ, ಏನಾರ ಮಾಡಿ.”

ನಿಯಮವನ್ನು ಮತ್ತೊಮ್ಮೆ ಓದಿದೆ, ಎಲ್ಲೂ ಸಂದು ಇರಲಿಲ್ಲ. ಒಳಗಿನಿಂದ ಕರೆದರು.

ವಿಚಾರಣಾಧಿಕಾರಿ ಕೇಳಿದರು: “ಒರೆಸಿದ್ದು ಯಾರು?”

“ಯಾರೂ ಇಲ್ಲ ಬುದ್ಧಿ. ನರ್ಸಮ್ಮನಿಗೆ ಮರ್ತೋಗದೆ.”

“ಹಾಗಾದರೆ ಕೆಲಸ ನಿಂತಿತ್ತು?”

“ನಿಂತಿತ್ತು. ಸ್ಟ್ರೈಕ್ ಮಾಡ್ದೆ. ಅಂಗೇ ಬರ್ಕಳಿ.”

ಬೇಡವೆಂದು ನಾನು ಕೈಯೆತ್ತಿದೆ. ಆಕೆ ನನ್ನ ಕಡೆ ನೋಡದೆ, “ಲಾಯರ್ರು ಒಳ್ಳೆಯೋರು, ಅವರ್ಗೇನೂ ಗೊತ್ತಿಲ್ಲ” ಎಂದಳು. ಹಿಂದಿನ ದಿನ ಸ್ಟ್ರೈಕ್ ಎಂಬ ಪದಕ್ಕೆ ಕಾನೂನಿನಲ್ಲಿರುವ ಅರ್ಥವನ್ನು ಆಕೆಗೆ ಸಾಲು ಸಾಲಾಗಿ ಬಿಡಿಸಿ ಹೇಳಿದ್ದವನು ನಾನೇ. ಈಗ ಆಕೆ ತಿಳಿದೇ ಹೇಳುತ್ತಿದ್ದಳು.

ವಜಾ ಆದೇಶ ಬಂತು. ಕಾರ್ಮಿಕ ನ್ಯಾಯಾಲಯಕ್ಕೆ ಹೋಗೋಣ ಎಂದೆ. “ಅಲ್ಲೂ ಹೆಸ್ರು ಕೇಳ್ತಾರಲ್ವಾ?” ಎಂದಳು. ಕೇಳುತ್ತಾರೆ. ಆಮೇಲೆ ಆಕೆ ಗಂಡನನ್ನು ಬಸ್ಸಿನಲ್ಲಿ ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಸರದಿ ಸಿಕ್ಕ ದಿನ ಮಾತ್ರ ಡಯಾಲಿಸಿಸ್. ಅವನು ತೀರಿಕೊಂಡ ಸುದ್ದಿ ಯಾರು ಹೇಳಿದರೆಂದು ನೆನಪಿಲ್ಲ. ನೆನಪಿಸಿಕೊಳ್ಳಲು ಹೋದಾಗಲೆಲ್ಲ ಒಂದೊಂದು ಮುಖ ಬರುತ್ತದೆ.

ಈ ವೃತ್ತಿ ನನಗೆ ಕಲಿಸಿದ್ದು ಸಣ್ಣದು. ಗೇಟಿನ ಮುಂದೆ ಕೂತವರ ಪ್ರಕರಣ ಬಂದರೆ, ಕೂತಿದ್ದಾಗ ಅವರ ಕೆಲಸ ಮಾಡಿದವರು ಯಾರೆಂದು ಮೊದಲು ಕೇಳುತ್ತೇನೆ. ಕೇಳುವುದು ನನ್ನ ಆಫೀಸಿನಲ್ಲಿ, ಬಾಗಿಲು ಹಾಕಿಕೊಂಡು. ಉತ್ತರ ಎಲ್ಲೂ ಬರೆದಿಡುವುದಿಲ್ಲ.