ಗುಳಿಗೆಯ ನಡುವಿನ ಗೆರೆ

ಗುಳಿಗೆಯ ನಡುವೆ ಒಂದು ಗೆರೆ ಕಂಡರೆ ಸಾಕು, ಅದನ್ನು ಮುರಿಯದೆ ನುಂಗುವುದು ನನ್ನಿಂದಾಗದ ಕೆಲಸ. ವೈದ್ಯರು ಪೂರ್ಣವೆಂದು ಬರೆದದ್ದನ್ನು ಅರ್ಧಕ್ಕಿಳಿಸಿ, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಡುವ ಈ ಚಪಲಕ್ಕೆ ಸಂಯಮವೆಂಬ ಘನವಾದ ಹೆಸರನ್ನೂ ಇಟ್ಟುಕೊಂಡಿದ್ದೇನೆ. ನೀವೂ ಮುರಿಯುವವರಾದರೆ ನಾವು ಬಂಧುಗಳು. ನಮ್ಮ ಮನೆತನದಲ್ಲಿ ಔಷಧವೆಂದರೆ ಉಷ್ಣ, ಉಷ್ಣವೆಂದರೆ ಭಯ.

ಮೇಲವಂಕಿಯಲ್ಲಿರುವ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಈ ಸಂಯಮವನ್ನು ಕೊಟ್ಟಿಗೆಗೂ ವಿಸ್ತರಿಸಿದವರು. ನಮ್ಮ ಕಡೆ ಅಮಾವಾಸ್ಯೆಯಂದು ದನಗಳಿಗೆ ದುಡಿಮೆಯಿಲ್ಲ. ಅಂದು ಅವುಗಳ ಮೈತೊಳೆದು, ಜಂತುಹುಳದ ಒಂದು ದೊಡ್ಡ ಗುಳಿಗೆಯನ್ನು ಮುರಿದು, ಬೆಲ್ಲದುಂಡೆಯೊಳಗೆ ಹುದುಗಿಸಿ, ಹಾಲು ಕೊಡುವ ಆಕಳಿಗೂ ಅದರ ಮಗಳಾದ, ಇನ್ನೂ ಕರು ಹಾಕದ ಮಣಕಕ್ಕೂ ಸಮಪಾಲು ತಿನ್ನಿಸುವುದು ವೈನಿಯ ಪದ್ಧತಿ. ಇಡಿಯಾಗಿ ಕೊಟ್ಟರೆ ಹಾಲು ಬತ್ತೀತೆಂಬ ಅಂಜಿಕೆ ಒಂದು, ಒಬ್ಬಳಿಗೇ ಕೊಟ್ಟರೆ ಪಂಕ್ತಿಭೇದವಾದೀತೆಂಬ ಸಂಕೋಚ ಇನ್ನೊಂದು.

ಈ ಸಲ ಮಣಕ ಸೊರಗಿತು. ಭೇದಿ ನಿಲ್ಲಲಿಲ್ಲ, ಪಕ್ಕೆಲುಬು ಕಂಡವು. ಅದು ಉಳಿದೀತೇ ಎಂಬ ಚಿಂತೆಯಲ್ಲಿ ವೈನಿ ಊಟ ಮರೆತರು. ಘಟಪ್ರಭಾದಿಂದ ಬಂದ ಪಶುವೈದ್ಯರು ಸಗಣಿ ಪರೀಕ್ಷಿಸಿ, ಅದೇ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು, ಎರಡು ವಾರ ಬಿಟ್ಟು ಮತ್ತೆ ನೋಡಿದರೂ ಹುಳದ ಮೊಟ್ಟೆಗಳು ಹಾಗೆಯೇ ಇದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಹೋದರೂ ಈ ಅರ್ಧದ ಲೆಕ್ಕವೇ ಎದುರಾಗುತ್ತದೆಂದು, ವೈನಿಯ ಪದ್ಧತಿ ಕೇಳಿ ಅವರು ಬೇಸರಪಟ್ಟುಕೊಂಡರು.

"ಅರ್ಧಾ ಕೊಟ್ರ ಗಟ್ಟಿ ಹುಳ ಉಳೀತಾವ್ರಿ. ಅವುಗಳ ಸಂತಾನಕ್ಕ ಮುಂದ ಇಡೀ ಗುಳಿಗಿನೂ ತಾಗಂಗಿಲ್ಲ."

ವೈನಿ ಮಣಕದ ಪಕ್ಕೆ ಸವರಿದರು. "ಅಂದ್ರ ಇಷ್ಟ ದಿನಾ ನಾ ಹುಳಾನ ಸಾಕಿದ್ನೇನ್ರಿ?"

ಪಕ್ಕದಲ್ಲೇ ನಿಂತಿದ್ದ ನನಗೆ ನಗು ಬಂದಿತ್ತು, ಆದರೆ ಅವರ ಮುಖ ನೋಡಿ ಸಂಕಟವಾಯಿತು.

ವೈದ್ಯರು ಮಣಕದ ಎದೆಯ ಸುತ್ತ ಟೇಪು ಹಿಡಿದು, ತೂಕ ಅಂದಾಜಿಸಿ, ಬೇರೆ ಜಾತಿಯ ಔಷಧವನ್ನು ಪೂರ್ತಿ ಕುಡಿಸಿದರು. ಇನ್ನು ಸಗಣಿ ಪರೀಕ್ಷೆಯಾಗದೆ ಯಾವ ಹುಳದ ಔಷಧವೂ ಬೇಡವೆಂದು ಹೇಳಿಹೋದರು. ಮುಂದಿನ ಪರೀಕ್ಷೆಯಲ್ಲಿ ಮೊಟ್ಟೆಗಳು ಕಾಣಲಿಲ್ಲ. ಮಣಕ ಮೇವಿಗೆ ಬಾಯಿ ಹಾಕಿತು.

ಮೊನ್ನೆ ಅಮಾವಾಸ್ಯೆಗೆ ಹೋದಾಗ ವೈನಿ ಎಂದಿನಂತೆ ಎರಡು ಬೆಲ್ಲದುಂಡೆ ಕಟ್ಟಿದ್ದರು. ನನಗೆ ದಿಗಿಲಾಯಿತು. ಅವರು ಒಂದನ್ನು ಮುರಿದು ತೋರಿಸಿದರು, ಒಳಗೆ ಬರೀ ಬೆಲ್ಲ. ಮಣಕ ಉಂಡೆ ತಿಂದು ಅವರ ಅಂಗೈಯನ್ನೂ ನೆಕ್ಕಿತು.

ಊಟವಾದ ಮೇಲೆ ನನ್ನ ಗುಳಿಗೆ ತೆಗೆದು, ಅಭ್ಯಾಸಬಲದಿಂದ ಗೆರೆಯ ಮೇಲೆ ಉಗುರಿಟ್ಟೆ. ವೈನಿ ನೀರಿನ ತಂಬಿಗೆ ಹಿಡಿದು ನನ್ನ ಉಗುರನ್ನೇ ನೋಡುತ್ತ ನಿಂತಿದ್ದರು. ಇಡಿಯಾಗಿಯೇ ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ತುಸು ತಡೆದು, ಇಳಿಯಿತು.