ಗೋಯ್ದ ಕಂಡ ಜೋಗ

ಹೊನ್ನಾವರದಲ್ಲಿ ಶರಾವತಿಗೆ ಸೇತುವೆಯಿಲ್ಲದ ಕಾಲಕ್ಕೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವನು ಅಂಬಿಗರ ಗೋಯ್ದ. ಪರವೂರಿನವರು ದೋಣಿ ಹತ್ತಿದೊಡನೆ ಜೋಗದ ದಾರಿ ಕೇಳಿದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

“ಜೋಗ ಎಂತಕ್ಕೆ? ಅಲ್ಲಿ ಬಿದ್ದ ನೀರೇ ಇಲ್ಲಿಗೆ ಬತ್ತದೆ. ಇಲ್ಲೇ ಅಪ್ಸರಕೊಂಡದ ಅಬ್ಬಿಯಲ್ಲಿ ಮೀಯಿರಿ, ಬಂದರದ ಖಾನಾವಳಿಯಲ್ಲಿ ಶೆಟ್ಲಿ ಮೀನಿನ ಸಾರು ಉಣ್ಣಿ. ಆತು!”

ಉಂಡವರು ಮರಳುವಾಗ ಬೆರಳು ಚೀಪುತ್ತ ಅವನನ್ನೇ ಹೊಗಳುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತೆರಡರ ಮಳೆಗಾಲ ಮುಗಿದ ಮೇಲೆ ಮಗಳು ದುರ್ಗಿ ಹಟ ಹಿಡಿದು ಅವನನ್ನು ಜೋಗಕ್ಕೆ ಕರೆದೊಯ್ದಳು. ಧುಮುಕುವ ನೀರನ್ನು ಗೋಯ್ದ ತುದಿಯಿಂದ ಬುಡದವರೆಗೆ ಕಣ್ಣಲ್ಲೇ ಅಳೆದ.

“ಹೆಂಗದೆ ಅಪ್ಪಾ?” ಎಂದಳು ದುರ್ಗಿ.

“ಹೊನ್ನಾವರ ಮುಟ್ಟೂಕೆ ಇದಕ್ಕೆ ಎಷ್ಟು ಅವಸರ ನೋಡು,” ಎಂದ ಗೋಯ್ದ. “ಇಳಿಯೂಕೂ ಪುರುಸೊತ್ತಿಲ್ದೆ ಹಾರ್ತದೆ!”